ಸೆಲಿನಾಳಿಗೊಂದು ಜಪದ ಪುಸ್ತಕ

ಲಿಂಗಂಪಲ್ಲಿ, ಹೈದರಾಬಾದು
12 ಜೂನ್ 1977

ಪ್ರೀತಿಯ ದೊಡ್ಡವ್ವ,

ಮುದಗಲ್ಲಿನಲ್ಲಿ ಮಳೆ ಬಿತ್ತೇ? ನಿನ್ನ ಮೊಣಕಾಲು ಹೇಗಿದೆ? ಕೇಳಬೇಕಾದ್ದನ್ನು ಕೇಳಿದೆ, ಇನ್ನು ನನ್ನ ಮಾತಿಗೆ ಬರುತ್ತೇನೆ. ನನಗೊಂದು ಜಪದ ಪುಸ್ತಕ ಬೇಕು. ದಿನಾ ಬೆಳಿಗ್ಗೆ ಸಂಜೆ ಕೈಯಲ್ಲಿ ಹಿಡಿದು ಕೂರುವಂಥದ್ದು. ಅವ್ವ ಬಿಟ್ಟುಹೋದ ಪುಸ್ತಕವನ್ನು ಗೆದ್ದಲು ತಿಂದ ಮೇಲೆ ಬಾಯಿಗೆ ಬಂದಷ್ಟನ್ನೇ ಹೇಳಿಕೊಂಡು ದಿನ ತಳ್ಳಿದ್ದೇನೆ. ಈಗ ಅಷ್ಟು ಸಾಲುತ್ತಿಲ್ಲ.

ನಾನು ಮತ್ತೆ ಬಸುರಿ. ನಾಲ್ಕು ತಿಂಗಳು ದಾಟಿತು. ನಿನಗೆ ಮೊದಲೇ ತಿಳಿಸಬೇಕಿತ್ತು. ಬರೆದರೆ ಎಲ್ಲಿ ದೃಷ್ಟಿಯಾದೀತೋ ಎಂದು ಸುಮ್ಮನಿದ್ದೆ.

ಹೋದ ವಾರ ಇವರಿಗೆ ಕಾರ್ಖಾನೆಯ ರಜೆ ಇದ್ದ ದಿನ ಇಬ್ಬರೂ ಬಸ್ಸು ಹಿಡಿದು ಕೋಠಿಗೆ ಹೋಗಿದ್ದೆವು. ಪುಸ್ತಕದಂಗಡಿಗಳನ್ನೆಲ್ಲ ಸುತ್ತಿದೆವು. ಒಬ್ಬ ಅಂಗಡಿಯವನಂತೂ "ಕನ್ನಡಾ? ಕನ್ನಡಾ ಇಧರ್ ಕಹಾಂ ಮಿಲತಾ ಅಮ್ಮಾ!" ಎಂದು ನಕ್ಕೇಬಿಟ್ಟ. ಕೊನೆಗೆ ನಮ್ಮ ಏಸುಸ್ವಾಮಿಯ ಗುಡಿಯ ಪಕ್ಕದ ಅಂಗಡಿಯಲ್ಲಿ ಸಿಕ್ಕಿದ್ದು ತೆಲುಗಿನದು, ಇಂಗ್ಲಿಷಿನದು. ತೆಲುಗಿನಲ್ಲಿ ನಾನು ತರಕಾರಿಯವಳ ಜೊತೆ ಜಗಳ ಆಡುತ್ತೇನೆ, ಆದರೆ ದೇವರ ಮುಂದೆ ಕೂತರೆ ಒಂದು ಮಾತೂ ಬರುವುದಿಲ್ಲ. ಕೈಗೆ ತೆಗೆದುಕೊಂಡ ಪ್ರತಿ ಪುಸ್ತಕದಲ್ಲೂ ಮೊದಲು ಹಿಂದಿನ ಪುಟಗಳನ್ನೇ ತೆಗೆದು ನೋಡಿದೆ. "ಹಿಂದಿಂದ ಯಾಕ ಓದಾಕತ್ತಿ?" ಎಂದು ಇವರು ಕೇಳಿದರು. ನಾನು ಹೇಳಲಿಲ್ಲ. ನಿನಗೆ ಹೇಳುತ್ತೇನೆ.

ಮೊದಲನೆಯ ಕೂಸು ಉಸಿರೇ ಇಲ್ಲದೆ ಬಂತು. ಎರಡನೆಯದು ಅತ್ತಿತ್ತು ದೊಡ್ಡವ್ವ, ನಾನು ಕಿವಿಯಾರೆ ಕೇಳಿದ್ದೇನೆ. ಸಣ್ಣಗೆ ಅತ್ತು, ಸ್ವಲ್ಪ ಹೊತ್ತು ಇದ್ದು, ಆಮೇಲೆ ಸುಮ್ಮನಾಯಿತು. ಇವರು ಕಾರ್ಖಾನೆಯಲ್ಲಿದ್ದರು. ಅದರ ತಲೆಗೆ ಒಂದಿಷ್ಟು ನೀರು ಹಾಕಿ ಜ್ಞಾನಸ್ನಾನದ ನಾಲ್ಕು ಮಾತು ಹೇಳುವವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ನನಗೆ ಎದ್ದು ಕೂರಲೂ ಆಗಲಿಲ್ಲ. ಜ್ಞಾನಸ್ನಾನವಾಗದೆ ಸತ್ತ ಕೂಸಿಗೆ ನೋವೇನೂ ಇರುವುದಿಲ್ಲ, ಆದರೆ ಅದು ಎಂದೆಂದಿಗೂ ದೇವರ ಮುಖ ನೋಡುವುದಿಲ್ಲ, ಬೇರೊಂದು ಕಡೆ ಇರುತ್ತದೆ ಎಂದು ಜ್ಞಾನೋಪದೇಶದಲ್ಲಿ ನಮಗೆ ಕಲಿಸಿದವಳು ನೀನೇ. ಆ ಬೇರೊಂದು ಕಡೆ ಎಂದರೆ ನಮ್ಮ ಗುಡಿಯ ಹಿಂದೆ ಬೀಗ ಹಾಕಿರುತ್ತಿದ್ದ ಕೋಣೆ ಎಂದು ನಾನು ತಿಳಿದಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಆ ಕೋಣೆಯೇ ಕಾಣುತ್ತದೆ, ಒಳಗೆ ನನ್ನ ಎರಡು ಕೂಸುಗಳು.

ಹೊತ್ತು ಮುಳುಗಿತೆಂದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಯಾವ ಪುಸ್ತಕ ಎಂದು ಬೇಗ ಬರೆ. ಇವರು ನಿನಗೆ ನಮಸ್ಕಾರ ಹೇಳಿದ್ದಾರೆ.

ನಿನ್ನ
ಸೆಲಿನಾ


ಮುದಗಲ್ಲು
25 ಜೂನ್ 1977

ಚಿರಂಜೀವಿ ಸೆಲಿನಾಳಿಗೆ ದೊಡ್ಡವ್ವ ಲೂರ್ದಮ್ಮನ ಆಶೀರ್ವಾದ.

ದೃಷ್ಟಿಯಾದೀತೆಂದು ಹೆದರಿದಳಂತೆ! ನಾನು ಕಲಿಸಿದ ಜ್ಞಾನೋಪದೇಶದಲ್ಲಿ ದೃಷ್ಟಿ ಯಾವ ಪಾಠದಲ್ಲಿತ್ತವ್ವ? ಎದುರಿಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ. ನಿನ್ನ ಕಾಗದವನ್ನು ಎದೆಗೆ ಒತ್ತಿಕೊಂಡು ಗುಡಿಗೆ ಹೋಗಿ ಬಂದೆ, ಸಂತೋಷವೂ ಆಯಿತು ಎಂದು ಬರೆಯಲೇಬೇಕು.

ಪುಸ್ತಕದ ವಿಷಯ. ಕನ್ನಡದಲ್ಲಿ ಈಗ ಎರಡಿವೆ. ಒಂದು ನೀಲಿ ರಟ್ಟಿನದು, ಬೆಂಗಳೂರಿನಿಂದ ಹೊಸದಾಗಿ ಬಂದಿದೆ. ತೆಳ್ಳಗಿದೆ, ಅಕ್ಷರ ದೊಡ್ಡದು, ಮಾತು ನಾವು ಆಡುವ ಮಾತಿನ ಹಾಗೆಯೇ ಇದೆ. ಬೆಳಗಿನ ಜಪ, ಸಂಜೆಯ ಜಪ, ಬಸುರಿಯರ ಜಪವೂ ಉಂಟು. ಓದಿದರೆ ಮನಸ್ಸು ತಂಪಾಗುತ್ತದೆ. ನನಗೆ ಕೇಳಿದರೆ ಸ್ವಲ್ಪ ಹೆಚ್ಚೇ ತಂಪು. ಪಾಪ, ಮರಣ, ತೀರ್ಪು ಇವುಗಳ ಸುದ್ದಿಯೇ ಅದರಲ್ಲಿಲ್ಲ. ಇನ್ನೊಂದು ಕಪ್ಪು ರಟ್ಟಿನ ಹಳೆಯದು, ನನ್ನ ಕೈಯಲ್ಲೇ ಇರುವುದು. ಅದರ ಕನ್ನಡ ಕಲ್ಲಿನಂತೆ ಗಟ್ಟಿ. ನೀನು ಹುಡುಕುತ್ತಿರುವ, ಜೀವ ಹೋಗುವ ಕೂಸಿಗೆ ಜ್ಞಾನಸ್ನಾನ ಕೊಡುವ ಪುಟ ಇರುವುದು ಅದರಲ್ಲಿ ಮಾತ್ರ, ಮರಣಾವಸ್ಥೆಯಲ್ಲಿರುವವರ ಜಪಗಳ ಪಕ್ಕದಲ್ಲಿ. ಎರಡನ್ನೂ ಅಂಚೆಗೆ ಹಾಕಿಸಿದ್ದೇನೆ. ದಿನಕ್ಕೆ ಯಾವುದು ಬೇಕೋ ನೀನೇ ಆರಿಸಿಕೋ. ನನಗೆ ಬಾಯಿಗೇ ಬರುತ್ತದೆ, ಪುಸ್ತಕ ಇಲ್ಲದಿದ್ದರೂ ನಡೆಯುತ್ತದೆ.

ಕೇಳದಿದ್ದರೂ ಹೇಳುತ್ತೇನೆ, ಸರಿಯಾಗಿ ತಿಳಿದುಕೋ. ಗುರುಗಳು ಇಲ್ಲದ ಕಡೆ, ಜೀವ ಹೋಗುವ ಹೊತ್ತಿನಲ್ಲಿ, ಜ್ಞಾನಸ್ನಾನವನ್ನು ಯಾರು ಬೇಕಾದರೂ ಕೊಡಬಹುದು. ಹೆಂಗಸಾಗಲಿ, ಹಿಂದೂ ಆಗಲಿ, ಮುಸಲ್ಮಾನರಾಗಲಿ, ನಮ್ಮ ಧರ್ಮಸಭೆ ಮಾಡುವುದನ್ನೇ ಮಾಡುತ್ತೇನೆ ಎಂಬ ಮನಸ್ಸಿದ್ದರೆ ಸಾಕು. ನೀರು ತಲೆಯ ಮೇಲೆ ಹರಿಯಬೇಕು. ನೀರು ಸುರಿಯುವವರೇ, ಸುರಿಯುತ್ತಾ ಸುರಿಯುತ್ತಾ ಮಾತುಗಳನ್ನು ಹೇಳಬೇಕು. ಒಬ್ಬರು ಸುರಿದು ಇನ್ನೊಬ್ಬರು ಹೇಳಿದರೆ ಅದು ಸ್ನಾನವೇ ಅಲ್ಲ. ಊರಿನ ಅರ್ಧ ಮಕ್ಕಳಿಗೆ ಬೆತ್ತ ಹಿಡಿದು ಕಲಿಸಿದ್ದೇನೆ ಇದನ್ನು, ನೀನೂ ಬೆತ್ತದ ರುಚಿ ನೋಡಿದ್ದೀ.

ಇದರ ಅಗತ್ಯ ಬೀಳುವುದಿಲ್ಲ. ಕೂಸು ಗುಡಿಯಲ್ಲಿ ಎಲ್ಲರೆದುರು ಕಿರುಚುತ್ತಾ ಜ್ಞಾನಸ್ನಾನ ತೆಗೆದುಕೊಳ್ಳುತ್ತದೆ. ಮೆಂತ್ಯದ ಹಿಟ್ಟು ಕಳಿಸಲೇ?

ಲೂರ್ದಮ್ಮ


ಲಿಂಗಂಪಲ್ಲಿ
14 ಆಗಸ್ಟ್ 1977

ಪ್ರೀತಿಯ ದೊಡ್ಡವ್ವ,

ಪುಸ್ತಕಗಳು ಬಂದು ತಿಂಗಳಾಯಿತು. ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಆರಿಸಿದ್ದಾಯಿತು. ದಿನಕ್ಕೆ ನೀಲಿಯದು. ಕಪ್ಪು ಪುಸ್ತಕವನ್ನು ನಾಲ್ಕು ದಿನ ಹಿಡಿದು ನೋಡಿದೆ, ಅದು ತಾನಾಗಿಯೇ ಹಿಂದಿನ ಪುಟಕ್ಕೆ ತೆರೆದುಕೊಳ್ಳುತ್ತದೆ. ನೀನು ಎಷ್ಟು ಜನರ ಹಾಸಿಗೆಯ ಪಕ್ಕದಲ್ಲಿ ಕೂತು ಓದಿದ್ದೀಯೋ ಏನೋ. ಅದನ್ನು ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ, ಹಳೆಯ ಸೀರೆಯ ತುಂಡುಗಳ ಮೇಲೆ ಇಟ್ಟಿದ್ದೇನೆ.

ಇವರ ಪಾಳಿ ವಾರವಾರವೂ ಬದಲಾಗುತ್ತದೆ. ನೋವು ಬಂದಾಗ ಇವರು ಕಾರ್ಖಾನೆಯಲ್ಲೇ ಇರುತ್ತಾರೆ ಎಂದು ನನ್ನ ಮನಸ್ಸು ಹೇಳುತ್ತದೆ. ಹಾಗಾಗಿ, ಕೂಸಿಗೆ ಅಪಾಯವಾದರೆ ನೀವೇ ಜ್ಞಾನಸ್ನಾನ ಕೊಡುತ್ತೀರಾ ಎಂದು ಪಕ್ಕದ ಮನೆಯ ಗೋದಾಬಾಯಿಯವರನ್ನು ಕೇಳಿದೆ. ಗುಲ್ಬರ್ಗದ ಕಡೆಯವರು, ಮಾಧ್ವರು. ಅವರ ಯಜಮಾನರು ಪ್ರಹ್ಲಾದರಾಯರು ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ದಿನಾ ಜಗುಲಿಯಲ್ಲಿ ಕೂತು ಪುರಾಣ ಓದುತ್ತಾರೆ. ಗೋದಾಬಾಯಿ ನಮ್ಮ ಮನೆಯ ನೀರನ್ನೂ ಕುಡಿಯುವುದಿಲ್ಲ, ಆದರೆ ನನಗೆ ವಾಂತಿಯಾಗುತ್ತಿದ್ದ ದಿನಗಳಲ್ಲಿ ಗೋಡೆಯ ಮೇಲಿಂದ ಉಪ್ಪಿನಕಾಯಿ, ತಿಳಿಸಾರು ಕೊಡುತ್ತಿದ್ದವರು ಅವರೇ.

ಕೇಳಿದ ಕೂಡಲೇ ಹೌಹಾರಿದರು. "ಏನವಾ, ನಾ ಹೋಗಿ ಹೋಗಿ ನಿಮ್ಮ ಮಂತ್ರ ಹೇಳ್ಲಿ? ನಮ್ಮವರಿಗೆ ತಿಳಿದರ ಏನಂದಾರು?" ಎಂದು ಒಳಗೆ ಹೋಗಿಬಿಟ್ಟರು. ನಾನು ಇವರ ಮುಂದೆ ಅತ್ತೆ. ಮರುದಿನ ಬೆಳಿಗ್ಗೆ ತಾವೇ ಬಾಗಿಲಿಗೆ ಬಂದು ನಿಂತರು. "ಕೂಸಿನ ವಿಷಯ ಅದ. ನನಗ ನಿದ್ದಿ ಬರಲಿಲ್ಲ. ಕಲಿಸು, ಏನು ಹೇಳಬೇಕು" ಎಂದರು.

ಈಗ ನಲ್ಲಿಯ ಹತ್ತಿರ ಒಂದು ತೆಂಗಿನಕಾಯಿ ಇಟ್ಟುಕೊಂಡು ಅದಕ್ಕೆ ನೀರು ಹಾಕುತ್ತಾ ಅಭ್ಯಾಸ ನಡೆದಿದೆ. ಪ್ರಹ್ಲಾದರಾಯರು ನೋಡಿ "ಏನ ನಡಿಸಿ ಇದು? ಕಾಯಿಗೆ ನಾಮಕರಣನ?" ಎಂದರು. ವಿಷಯ ತಿಳಿದ ಮೇಲೆ ನಗಲಿಲ್ಲ. ಸ್ನಾನ ಮಾಡಿ ಬಂದು ಕಪ್ಪು ಪುಸ್ತಕ ಕೇಳಿ ಪಡೆದು ಆ ಪುಟವನ್ನು ಎರಡು ಸಲ ಓದಿ, "ಭಾಷಾ ಶುದ್ಧ ಅದ" ಎಂದು ಹಿಂದಕ್ಕೆ ಕೊಟ್ಟರು. ಹೆಣ್ಣಾದರೆ ಅವ್ವನ ಹೆಸರು, ಅನ್ನಮ್ಮ, ಎಂದು ಗೋದಾಬಾಯಿಗೆ ಹೇಳಿಟ್ಟಿದ್ದೇನೆ. ಹೆಸರನ್ನೂ ಹೇಳಬೇಕಲ್ಲ.

ನಗಿಸಲೆಂದು ಇದನ್ನೆಲ್ಲ ಬರೆದೆ. ನಿನ್ನೆ ಸಂಜೆ ಕೂಸು ಒದೆಯಲಿಲ್ಲ. ನೀಲಿ ಪುಸ್ತಕದ ಬಸುರಿಯರ ಜಪ ಓದಿದೆ, ಮತ್ತೆ ಓದಿದೆ. ಓದುತ್ತಿದ್ದೇನೆ ಎಂದು ಗೊತ್ತು, ಏನು ಓದುತ್ತಿದ್ದೇನೆ ಎಂದು ಗೊತ್ತಾಗುತ್ತಿರಲಿಲ್ಲ. ಒಂದು ತುಂಡು ಬೆಲ್ಲ ತಿಂದ ಮೇಲೆ ಒದೆಯಿತು. ನನಗೆ ಭಾಳ ಭಯವಾಗುತ್ತದೆ ದೊಡ್ಡವ್ವ.

ನಿನ್ನ
ಸೆಲಿನಾ


ಮುದಗಲ್ಲು
9 ಸೆಪ್ಟೆಂಬರ್ 1977

ಚಿ. ಸೆಲಿನಾಳಿಗೆ ಆಶೀರ್ವಾದ.

ಬಂದುಬಿಡೋಣ ಎಂದು ಬಟ್ಟೆ ಕಟ್ಟಿದ್ದೆ. ಲಿಂಗಸೂಗೂರಿನ ಬಸ್ಸು ಹತ್ತುವಾಗಲೇ ಮೊಣಕಾಲು ಕೈಕೊಟ್ಟಿತು, ನಾಲ್ಕು ಜನ ಇಳಿಸಿಕೊಂಡು ಮನೆಗೆ ತಂದು ಬಿಟ್ಟರು. ಮುದುಕಿಗೆ ಇಂಥ ಹುಚ್ಚು ಯಾಕೆ ಎಂದು ಬೀದಿಯಲ್ಲೆಲ್ಲ ಮಾತಾಯಿತು.

ನಿನ್ನ ಗೋದಾಬಾಯಿಗೆ ನನ್ನ ನಮಸ್ಕಾರ ಹೇಳು. ದೊಡ್ಡ ಮನಸ್ಸಿನ ಹೆಂಗಸು. ಬೆಲ್ಲ ತಿನ್ನು, ಎಡಮಗ್ಗುಲಲ್ಲಿ ಮಲಗು. ಸಂಜೆಯ ಹೊತ್ತು ಒಬ್ಬಳೇ ಕೂರಬೇಡ. ನೀಲಿ ಪುಸ್ತಕವೇ ಒಳ್ಳೆಯದು, ಅದನ್ನೇ ಓದು. ಕಪ್ಪನ್ನು ಸುಮ್ಮಸುಮ್ಮನೆ ತೆರೆಯಬೇಡ. ನನಗೇನೂ ಭಯವಿಲ್ಲ. ಇಷ್ಟು ಬರೆಯಲು ಎರಡು ಕಾಗದ ಹರಿದು ಹಾಕಿದೆ, ವಯಸ್ಸಾಯಿತಲ್ಲ.

ಲೂರ್ದಮ್ಮ


॥ ಶ್ರೀ ॥

ಲಿಂಗಂಪಲ್ಲಿ
11 ಅಕ್ಟೋಬರ್ 1977

ಲೂರ್ದಮ್ಮನವರಿಗೆ ಗೋದಾಬಾಯಿ ಮಾಡುವ ನಮಸ್ಕಾರಗಳು.

ನಿಮ್ಮ ಅಳಿಯಂದಿರು ಇನ್ನಾಸಪ್ಪನವರು ಕೊಟ್ಟ ತಂತಿ ಈಗಾಗಲೇ ಮುಟ್ಟಿರುತ್ತದೆ. ತಂತಿಯಲ್ಲಿ ಏನು ತಾನೇ ಬರೆಯಲು ಬರುತ್ತದೆ? ಸೆಲಿನಾಳಿಗೆ ಇನ್ನೂ ಜ್ವರ ಬಿಟ್ಟಿಲ್ಲ, ಬರೆಯುವ ಶಕ್ತಿ ಇಲ್ಲ. ಆಕೆಯ ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರರು ಹೇಳಿದ್ದಾರೆ. ನೀವು ಅಷ್ಟು ದೂರದಲ್ಲಿ ಒದ್ದಾಡುತ್ತಿರುತ್ತೀರಿ ಎಂದು ನಾನೇ ಬರೆಯಲು ಕೂತೆ.

ಗುರುವಾರ ಮಧ್ಯಾಹ್ನ ಇದ್ದಕ್ಕಿದ್ದಂತೆ ನೀರು ಹೋಯಿತು. ಇನ್ನೂ ದಿನ ತುಂಬಿರಲಿಲ್ಲ. ಇನ್ನಾಸಪ್ಪನವರು ಕಾರ್ಖಾನೆಯಲ್ಲಿದ್ದರು, ಹೇಳಿ ಕಳಿಸಿದೆವು. ನಾನು ಆಟೋದಲ್ಲಿ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದೆ. ನಮ್ಮವರು ಚೀಲ ಹಿಡಿದುಕೊಂಡು ಹಿಂದಿನಿಂದ ಬಂದರು. ನಾನು ಆಕೆಯ ತಾಯಿ ಎಂದು ಸುಳ್ಳು ಹೇಳಿ ಒಳಗೆ ನಿಂತೆ.

ಹೆಣ್ಣು ಕೂಸು. ಬೆಳ್ಳಗೆ, ಮೂಗು ಎದ್ದು ಕಾಣುತ್ತಿತ್ತು. ಅಳಲಿಲ್ಲ. ಬೆನ್ನು ತಿಕ್ಕಿದರು, ಕಾಲು ಹಿಡಿದು ತಟ್ಟಿದರು, ಆಮೇಲೆ ಒಂದು ಸಲ ಬಾಯಿ ತೆರೆದು ಉಸಿರು ತೆಗೆದುಕೊಂಡಿತು. ಡಾಕ್ಟರರು ತಲೆ ಆಡಿಸಿದರು. ಮಾಡುವುದೇನಾದರೂ ಇದ್ದರೆ ಈಗಲೇ ಮಾಡಿ ಎಂದು ನರ್ಸು ತೆಲುಗಿನಲ್ಲಿ ನನ್ನ ಕಿವಿಯಲ್ಲಿ ಹೇಳಿದಳು.

ಲೂರ್ದಮ್ಮನವರೇ, ಮಾತುಗಳು ನನಗೆ ಚೆನ್ನಾಗಿ ಬಾಯಿಗೆ ಬಂದಿದ್ದವು. ಆದರೆ ಸೆರಗಿಗೆಲ್ಲ ರಕ್ತ ಹತ್ತಿತ್ತು. ಹೆರಿಗೆಯ ಮೈಲಿಗೆಯಲ್ಲಿ ನಿಂತು ದೇವರ ಮಾತನ್ನು ನಾಲಿಗೆಯ ಮೇಲೆ ಹೇಗೆ ತರಲಿ? ಯಾರ ದೇವರಾದರೇನು, ದೇವರು ದೇವರೇ. ಆಕೆಯ ಕೂಸಿಗೆ ನನ್ನ ಮೈಲಿಗೆಯಿಂದ ಏನೂ ಕಡಿಮೆಯಾಗಬಾರದು ಎನಿಸಿತು. ನಮ್ಮವರು ಸ್ನಾನ ಮಾಡಿ ಬಂದಿದ್ದರು, ಬಾಗಿಲ ಹೊರಗೆ ನಿಂತಿದ್ದರು. ನಮ್ಮಲ್ಲಿ ಮಂತ್ರ ಹೇಳುವವರು ಒಬ್ಬರು, ನೀರು ಬಿಡುವವರು ಇನ್ನೊಬ್ಬರು. ಹಾಗೆ ಮಾಡಿದರೇ ಕರ್ಮ ಸಾಂಗವಾಗುತ್ತದೆ. "ಪುಸ್ತಕ ತಗೀರಿ, ಓದ್ರಿ!" ಎಂದು ಕೂಗಿದೆ. ಅವರು ಅನ್ನಮ್ಮ ಎಂಬ ಹೆಸರು ಸೇರಿಸಿ, ಒಂದಕ್ಷರವೂ ತಪ್ಪದಂತೆ ಗಟ್ಟಿಯಾಗಿ ಓದಿದರು. ನಾನು ನೀರು ಬಿಟ್ಟೆ. ಮೂರು ಸಲ ಬಿಟ್ಟೆ, ತಲೆಯ ಮೇಲೆ ಚೆನ್ನಾಗಿ ಹರಿಯಿತು.

ಸ್ವಲ್ಪ ಹೊತ್ತಿನ ಮೇಲೆ ಕೂಸು ನನ್ನ ಕೈಯಲ್ಲೇ ಹೋಯಿತು.

ಸೆಲಿನಾ ಕಣ್ಣು ಬಿಟ್ಟವಳೇ ಕೂಸು ಇದೆಯೋ ಇಲ್ಲವೋ ಎಂದು ಕೇಳಲಿಲ್ಲ. "ಆತೇನ್ರಿ?" ಎಂದಳು. "ಆತವಾ, ಛಲೋ ಆತು" ಎಂದೆ. ಆಕೆ ನಕ್ಕಳು. ಅಂಥ ಹೊತ್ತಿನಲ್ಲಿ ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ, ಹೊರಗೆ ಬಂದು ಅತ್ತೆ.

ನಿಮ್ಮ ಗುರುಗಳು ಬಂದು ನಿಮ್ಮವರ ಜಾಗದಲ್ಲೇ ಮಣ್ಣು ಮಾಡಿಸಿದರು. ಎಲ್ಲ ಸರಿಯಾಗಿ ನಡೆಯಿತೆಂದು ನೀವೊಂದು ನಾಲ್ಕು ಸಾಲು ಬರೆದರೆ ನನ್ನ ಜೀವಕ್ಕೆ ಸಮಾಧಾನ.

ಇಂತಿ
ಗೋದಾಬಾಯಿ


ಲಿಂಗಂಪಲ್ಲಿ
20 ನವೆಂಬರ್ 1977

ದೊಡ್ಡವ್ವ,

ಜ್ವರ ಬಿಟ್ಟಿದೆ. ಎದ್ದು ಓಡಾಡುತ್ತಿದ್ದೇನೆ.

ಮೊನ್ನೆ ಬಿಸಿಲಿಗೆಂದು ಹೊರಗೆ ಕೂತಿದ್ದೆ. ಪ್ರಹ್ಲಾದರಾಯರು ನನ್ನನ್ನು ಸಮಾಧಾನಪಡಿಸಲು ಬಂದು ಕೂತರು. "ಚಿಂತಿ ಮಾಡಬ್ಯಾಡ ಸೆಲಿನಾ. ಅಕಿ ನೀರು ಬಿಟ್ಟಳು, ನಾ ಓದಿದೆ. ಸ್ವರದಾಗ ಒಂದು ತಪ್ಪು ಆಗಿಲ್ಲ" ಎಂದರು. ನಾನು ಗೋಡೆ ಹಿಡಿದುಕೊಂಡು ಎದ್ದು ಒಳಗೆ ಬಂದೆ. ತೆಂಗಿನಕಾಯಿಯ ಮುಂದೆ ಕೂತು ಎಲ್ಲ ಕಲಿಸಿದ್ದೆ. ಇಬ್ಬರು ಸೇರಿ ಮಾಡಬಾರದು ಎಂಬುದೊಂದನ್ನು ಹೇಳಿರಲಿಲ್ಲ. ಯಾರಾದರೂ ಹಾಗೆ ಮಾಡಿಯಾರು ಎಂದು ನನಗೆ ಹೊಳೆದೇ ಇರಲಿಲ್ಲ.

ಗೋದಾಬಾಯಿ ದಿನಾ ಗೋಡೆಯ ಹತ್ತಿರ ನಿಂತು ಕೇಳುತ್ತಾರೆ, "ನಿಮ್ಮ ದೊಡ್ಡವ್ವ ಯಾಕ ಉತ್ತರ ಬರೀಲಿಲ್ಲ? ಸಿಟ್ಟಾಗ್ಯಾರೇನು?" ಎಂದು. ಅವರ ಕಾಗದ ಮುಟ್ಟಿ ತಿಂಗಳ ಮೇಲಾಯಿತು. ನೀನು ಯಾಕೆ ಬರೆದಿಲ್ಲ ಎಂದು ನನಗೆ ಗೊತ್ತಾಗಿದೆ. ಈಗ ಆ ಕೋಣೆಯಲ್ಲಿ ಮೂರು ಕೂಸುಗಳು.

ಎರಡೂ ಪುಸ್ತಕಗಳನ್ನು ಟ್ರಂಕಿನಲ್ಲಿ ಹಾಕಿದ್ದೇನೆ. ನೀಲಿಯದರಲ್ಲಿ ನನಗೆ ಬೇಕಾದ ಜಪ ಇಲ್ಲ, ಕಪ್ಪಿನದನ್ನು ಮುಟ್ಟಲು ಧೈರ್ಯವಿಲ್ಲ. ನನ್ನ ಅನ್ನಮ್ಮ ಎಲ್ಲಿದ್ದಾಳೆ? ಕಲಿಸಿದವಳು ನೀನು, ನೀನೇ ಹೇಳು. ಸಮಾಧಾನಕ್ಕೆಂದು ಬರೆಯಬೇಡ. ನೀನು ಸುಳ್ಳು ಬರೆದರೆ ನನಗೆ ತಿಳಿಯುತ್ತದೆ.

ಸೆಲಿನಾ


ಮುದಗಲ್ಲು
5 ಡಿಸೆಂಬರ್ 1977

ನನ್ನ ಮಗಳೇ ಸೆಲಿನಾ,

ಸುಳ್ಳು ಬರೆಯುವುದಿಲ್ಲ. ಗೋದಾಬಾಯಿಯ ಕಾಗದ ಬಂದ ದಿನ ಓದಿ, ಮಡಿಸಿ, ಏಸುಸ್ವಾಮಿಯ ಪಟದ ಹಿಂದೆ ಇಟ್ಟೆ. ಪೆನ್ನು ಹಿಡಿಯಲು ಆಗಲಿಲ್ಲ. ನಾನು ಕಲಿಸಿದ ನೇಮ ಇರುವುದೇ ಹಾಗೆ, ಅದನ್ನು ನಿನಗಾಗಿ ಒರೆಸಿ ಹಾಕಲು ನಾನು ಯಾರು?

ಕೋಲೂರಿಕೊಂಡು ಗುರುಗಳ ಹತ್ತಿರ ಹೋದೆ. ಈಗಿನವರು ಚಿಕ್ಕ ವಯಸ್ಸಿನವರು, ನನ್ನ ಕೈಯಲ್ಲೇ ಕಿವಿ ಹಿಂಡಿಸಿಕೊಂಡು ಕಲಿತ ಹುಡುಗ. ಎಲ್ಲ ಕೇಳಿ, "ಅವ್ವಾರ, ದೇವರು ತಾನ ಮಾಡಿದ ನೀರಿಗೆ ತಾನ ಕಟ್ಟುಬಿದ್ದಾನೇನ್ರಿ? ಕೂಸಿನ್ನ ಆತನ ದಯಾಕ್ಕ ಬಿಡ್ರಿ" ಎಂದರು. "ಖಾತ್ರಿ ಐತೇನು?" ಎಂದು ಕೇಳಿದೆ. "ಖಾತ್ರಿ ಅಂತ ಯಾರಿಗೂ ಹೇಳಾಕ ಬರಂಗಿಲ್ರಿ. ನಂಬಿಕಿ ಐತಿ" ಎಂದರು. ಅವರು ಅದನ್ನು ಓದಿ ಕಲಿತು ಹೇಳಿದರೋ, ಮುದುಕಿ ಅಳುತ್ತಿದ್ದಾಳೆಂದು ಹೇಳಿದರೋ ನನಗೆ ತಿಳಿಯದು. ನಿನ್ನ ಮಗಳು ಎಲ್ಲಿದ್ದಾಳೆ ಎಂದು ನನಗೆ ಗೊತ್ತಿಲ್ಲ ಸೆಲಿನಾ. ಇಷ್ಟು ವರ್ಷ ಗೊತ್ತಿದೆ ಎಂದುಕೊಂಡಿದ್ದೆ. ನನಗೂ ಭಯವಾಗುತ್ತದೆ, ನಿನಗಿಂತ ಹೆಚ್ಚೇ ಆಗುತ್ತದೆ.

ಗೋದಾಬಾಯಿಗೆ ಇವತ್ತೇ ಬೇರೆ ಕಾಗದ ಹಾಕಿದ್ದೇನೆ. ನೀವು ಮಾಡಿದ್ದು ಬಹಳ ಒಳ್ಳೆಯದಾಯಿತು, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದು ಬರೆದಿದ್ದೇನೆ. ಅದರಲ್ಲಿ ಸುಳ್ಳಿಲ್ಲ. ಆ ತಾಯಿಗೆ ನೀನು ಈ ವಿಷಯ ಯಾವತ್ತೂ ಹೇಳಬಾರದು. ಪ್ರಹ್ಲಾದರಾಯರಿಗೂ ಹೇಳಬೇಡ.

ಯಾವ ಜಪದ ಪುಸ್ತಕ ಓದಲಿ ಎಂದು ನೀನು ಬೇಸಿಗೆ ಮುಗಿಯುವಾಗ ಕೇಳಿದ್ದೆ. ಈಗ ನಾನು ದಿನಾ ಹೇಳುವುದನ್ನು ಬರೆಯುತ್ತೇನೆ. ಇದು ಯಾವ ಪುಸ್ತಕದಲ್ಲೂ ಇಲ್ಲ. ಹೀಗೆ ಬೇಡುವುದು ಪಾಪವೋ ಏನೋ, ಗುರುಗಳನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ, ಮುಖ ತೊಳೆಯುವ ಮೊದಲು ಹೇಳುತ್ತೇನೆ.

"ಸ್ವಾಮಿ, ನಮ್ಮ ಸೆಲಿನಾನ ಮೂರು ಕೂಸುಗೋಳನ್ನ ನೀ ಒಳಗ ಕರ್ಕೊಂಡಿದ್ದರ ನಿನ್ನ ಪಾದಕ್ಕ ಬೀಳ್ತೀನಿ. ಕರ್ಕೊಂಡಿಲ್ಲಂದ್ರ, ನಾಳೆ ನಾ ಸತ್ತಾಗ ನನ್ನೂ ಕರೀಬ್ಯಾಡ. ನಿನ್ನ ಮುಖ ನನಗ ತೋರಿಸಬ್ಯಾಡ. ಅವು ಎಲ್ಲಿ ಅದಾವೋ ಅಲ್ಲೇ ನನ್ನ ಕಳಸು. ಅಲ್ಲಿ ಬರೇ ಕೂಸುಗೋಳೇ ಇರ್ತಾವಂತ. ಎತ್ತಿಕೊಳ್ಳಾಕ ಒಬ್ಬಾಕಿ ಮುದುಕಿಯಾದ್ರೂ ಬೇಕಲ್ಲ."

ನಿನ್ನ ದೊಡ್ಡವ್ವ
ಲೂರ್ದಮ್ಮ